ಹಾಪ್ಸ್ ತಳಿ: ಸೆಕೆಗಿಂತ ಮೊದಲು ಹಗಲಿನ ಉದ್ದ ನೋಡಿ

ಅಕ್ಕಾ, ಬಿಯರ್‌ಗೆ ಕಹಿ, ಘಮ ಕೊಡುವ ಹೂಬಳ್ಳಿ ಹಾಪ್ಸ್‌ನಲ್ಲಿ ಕಾರವಾರದ ಸೆಕೆ ತಾಳುವ ತಳಿ ಯಾವುದು, ಸಾಜ್ ತರಿಸಲೋ ಕ್ಯಾಸ್ಕೇಡ್ ತರಿಸಲೋ ಎಂದು ಕೇಳಿದ್ದೀರಿ. ಕ್ಯಾಸ್ಕೇಡ್ ತರಿಸಿ. ಆದರೆ ಈ ಬಳ್ಳಿ ನಮ್ಮಲ್ಲಿ ಸೋಲುವುದು ಸೆಕೆಗಿಂತ ಹೆಚ್ಚಾಗಿ ಹಗಲಿನ ಉದ್ದಕ್ಕೆ.

ಹಾಪ್ಸ್ ಹುಲುಸಾಗಿ ಬರುವುದು 35ರಿಂದ 55 ಡಿಗ್ರಿ ಅಕ್ಷಾಂಶದ ನಾಡುಗಳಲ್ಲಿ. ಅಲ್ಲಿ ಬೇಸಿಗೆಯ ದೀರ್ಘ ಹಗಲಿನಲ್ಲಿ ಬಳ್ಳಿ ಏರುತ್ತದೆ, ಹಗಲು ಕುಗ್ಗತೊಡಗಿದಾಗ ಹೂ ಬಿಡುತ್ತದೆ. ನಾವಿರುವುದು 14–15 ಡಿಗ್ರಿಯಲ್ಲಿ. ಜೂನ್‌ನಲ್ಲೂ ಹಗಲು ಸುಮಾರು 13 ಗಂಟೆ ಅಷ್ಟೇ. ಶಿರಸಿಯಲ್ಲಿ ನಾನು ಮೊದಲು ನೆಟ್ಟ ಬಳ್ಳಿ ಸೊಂಟದೆತ್ತರಕ್ಕೆ ಬರುವಷ್ಟರಲ್ಲೇ ಹೂ ಕಚ್ಚಿ ನಿಂತುಬಿಟ್ಟಿತು. ಸಿಕ್ಕಿದ್ದು ಒಂದು ಬೊಗಸೆ ಹೂ.

ಸಾಜ್, ಹಾಲರ್‌ಟೌ ಮಧ್ಯ ಯುರೋಪಿನ ತಂಪಿಗೆ ಒಗ್ಗಿದವು, ಬಿಟ್ಟುಬಿಡಿ. ನಿಯೋಮೆಕ್ಸಿಕಾನಸ್ ಎಂಬ ಕಾಡು ಹಾಪ್ಸ್ ಬಿಸಿಲು ತಡೆಯುತ್ತದೆ, ಆದರೆ ಅದು ಅಮೆರಿಕದ ಒಣನಾಡಿನದು. ನಮ್ಮ ಮಳೆಗಾಲಕ್ಕೆ ನನಗೆ ಅದರ ಮೇಲೆ ಭರವಸೆಯಿಲ್ಲ. ದಕ್ಷಿಣ ಆಫ್ರಿಕಾದವರು ಕಡಿಮೆ ಹಗಲಿಗೆಂದೇ ಸದರ್ನ್ ಪ್ರಾಮಿಸ್‌ನಂಥ ತಳಿ ಬೆಳೆಸಿದ್ದಾರೆ, ಆದರೆ ಅಲ್ಲಿಯ ಅಕ್ಷಾಂಶವೂ 34 ಡಿಗ್ರಿ. 1972ರಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ಬೂಜುರೋಗವನ್ನು ಒಂದಿಷ್ಟು ತಡೆಯುತ್ತದೆ. ಫ್ಲಾರಿಡಾದ ಸೆಕೆಯಲ್ಲಿ ದೀಪ ಹಚ್ಚಿ ಬೆಳೆದು ನೋಡಿದ್ದೂ ಇದನ್ನೇ. ಯಾವ ತಳಿಯಾದರೂ ಹೆಣ್ಣು ಗಿಡವೇ ಬೇಕು.

ನಾನು ಈಗ ಮಾಡುವುದು ಹೀಗೆ. ಮಳೆ ಹಿಂದಾದ ಮೇಲೆ, ಅಕ್ಟೋಬರ್‌ನಲ್ಲಿ, ಹಳೆಯ ಬಳ್ಳಿಯನ್ನು ಬುಡಕ್ಕೆ ಕತ್ತರಿಸಿ ಹೊಸ ಚಿಗುರಿನಲ್ಲಿ ಗಟ್ಟಿಯಾದ ಮೂರನ್ನು ಮಾತ್ರ ಉಳಿಸುತ್ತೇನೆ. ಮೆಣಸಿನ ಬಳ್ಳಿಯಂತೆ ಇದು ಬೇರು ಬಿಟ್ಟು ಮರ ಹಿಡಿಯುವುದಿಲ್ಲ. ಕಾಂಡದ ಮುಳ್ಳುರೋಮದಿಂದ ಕಚ್ಚಿಕೊಂಡು ಸುತ್ತುತ್ತದೆ. ಮುಂಗೈ ಗೀರಿದರೆ ಉರಿಯುತ್ತದೆ, ತುಂಬು ತೋಳಿನ ಅಂಗಿ ಹಾಕಿಕೊಳ್ಳಿ. ತೆಂಗಿನ ನಾರಿನ ಹಗ್ಗ ಇಳಿಬಿಟ್ಟು, ಕುಡಿಯನ್ನು ಪ್ರದಕ್ಷಿಣೆಯ ದಿಕ್ಕಿಗೆ ಸುತ್ತಿಸಿ. ಎದುರು ಸುತ್ತಿಸಿದರೆ ಮರುದಿನವೇ ಬಿಚ್ಚಿಕೊಂಡಿರುತ್ತದೆ. ಕತ್ತಲಾಗುವ ಮೊದಲೇ ಎಲ್‌ಇಡಿ ಬಲ್ಬಿನ ಸರ ಹಚ್ಚಿ, ರಾತ್ರಿ 11ರವರೆಗೆ ಇಡಿ. ಬಳ್ಳಿ 15 ಅಡಿ ಏರಿದ ಮೇಲೆ ದೀಪ ನಿಲ್ಲಿಸಿ. ಹೂವಿಗೆ ಅದೇ ಸೂಚನೆ.

ನಿಮಗೆ ದೊಡ್ಡ ಶತ್ರು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ. ನೆಲದಲ್ಲಿ ನೆಡಬೇಡಿ, ಗಡ್ಡೆ ಕೊಳೆಯುತ್ತದೆ. ತಳಕ್ಕೆ ತೂತು ಕೊರೆದ ಅರ್ಧ ಡ್ರಮ್ಮಿನಲ್ಲಿ ನೆಟ್ಟು ಮಳೆಗಾಲ ಪೂರ್ತಿ ಮಾಡಿನ ಕೆಳಗಿಡಿ. ನಮ್ಮ ಕೆಂಪುಮಣ್ಣು ಹುಳಿ, ಸ್ವಲ್ಪ ಸುಣ್ಣ ಬೆರೆಸಿ. ಎಲೆಯಡಿ ಬೂದುಕಪ್ಪು ಬೂಜು ಕಂಡರೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣವೇ ಆಗುತ್ತದೆ, ಹೂ ಬಂದ ಮೇಲೆ ಮಾತ್ರ ಬೇಡ.

ವಿದೇಶದಿಂದ ಗಡ್ಡೆ ತರಿಸುವುದಾದರೆ ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಪರವಾನಗಿಯಿಲ್ಲದೆ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ. ನಾನು ಹೂವನ್ನು ಕಷಾಯಕ್ಕೆ ಬಳಸುತ್ತೇನೆ. ನಾಯಿಗೆ ಹಾಪ್ಸ್ ವಿಷ, ಉದುರಿದ್ದನ್ನು ಅಂದಂದೇ ಗುಡಿಸಿ.

ಕೊಯ್ಲಿನ ಹೊತ್ತು ಕೈಗೇ ಗೊತ್ತಾಗುತ್ತದೆ. ಹೂ ಹಿಚುಕಿದಾಗ ಕಾಗದದಂತೆ ಚರಚರ ಎನ್ನಬೇಕು, ಬಿಡಿಸಿದರೆ ಒಳಗೆ ಹಳದಿ ಹುಡಿ ಕಾಣಬೇಕು, ಬೆರಳಿಗೆ ಚಕ್ಕೋತ ಸಿಪ್ಪೆಯ ಘಮ ಅಂಟಬೇಕು.