ರಾಮನಗರದಲ್ಲಿ ನಮ್ಮದು ಗೂಡಿನಿಂದ ರೇಷ್ಮೆ ನೂಲು ತೆಗೆಯುವ (ರೀಲಿಂಗ್) 10 ಬೇಸಿನ್ ಮಲ್ಟಿ-ಎಂಡ್ ಘಟಕ, ಅಂದರೆ ಒಂದೊಂದು ಬೇಸಿನ್‌ನಲ್ಲೂ ಹಲವು ನೂಲು ಒಟ್ಟಿಗೆ ತೆಗೆಯುವಂಥದ್ದು. ಆಟೋಮ್ಯಾಟಿಕ್ ರೀಲಿಂಗ್ ಮಷಿನ್ (ಎಆರ್‌ಎಂ) ಹಾಕಿಸಲು ಇಲ್ಲಿನ ರೀಲರ್‌ಗಳು ಯಾಕೆ ಹೆದರುತ್ತಾರೆ? ನಾವು ಹಾಕಿಸಬಹುದೇ?

ಹೆದರಿಕೆ ಎಂಬ ಮಾತನ್ನೇ ನಾನು ಒಪ್ಪುವುದಿಲ್ಲ. ಚರಕ ಬಿಟ್ಟು ಕಾಟೇಜ್ ಬೇಸಿನ್‌ಗೆ, ಅಲ್ಲಿಂದ ಮಲ್ಟಿ-ಎಂಡ್‌ಗೆ ಬಂದವರು ಇದೇ ರೀಲರ್‌ಗಳು. ಅಡ್ಡಿ ಇರುವುದು ಗೂಡಿನಲ್ಲಿ.

ಎಆರ್‌ಎಂ ಕೊಂಡವರು ಕೈಸುಟ್ಟುಕೊಳ್ಳುವುದು, ಮಷಿನ್ ಬಂದ ಮೇಲೂ ಅದೇ ಸಿಬಿ (ಮಿಶ್ರತಳಿ) ಗೂಡು ತಂದು ಸುರಿಯುವುದರಿಂದ. ಇದನ್ನು ಬಿಡಿಸಿಯೇ ಹೇಳುತ್ತೇನೆ. ಮಷಿನ್‌ನಲ್ಲಿ ಒಂದೊಂದು ನೂಲಿಗೂ ಅದರ ದಪ್ಪ ನೋಡುವ ಒಂದು ಡೆನಿಯರ್ ಗೇಜ್ ಇರುತ್ತದೆ. ಎರಡು ಪುಟ್ಟ ಗಾಜಿನ ಬಿಲ್ಲೆಗಳ ಸಂದಿಯಲ್ಲಿ ನೂಲು ಉಜ್ಜಿಕೊಂಡು ಸಾಗುತ್ತದೆ. ನೂಲು ತೆಳುವಾದರೆ ಉಜ್ಜಾಟ ತಗ್ಗಿ ಸನ್ನೆ ವಾಲುತ್ತದೆ, ಆಗ ಹೊಸ ಗೂಡಿನ ಎಳೆ ಸೇರುತ್ತದೆ. ಬೈವೋಲ್ಟೈನ್ (ದ್ವಿತಳಿ) ಗೂಡಿನ ಎಳೆ ಸುಮಾರು 1,000 ಮೀಟರ್ ಬರುತ್ತದೆ, ಹರಿಯುವುದು ಕಡಿಮೆ. ಸಿಬಿಯದು ಮೋಟು, ಪದೇ ಪದೇ ಹರಿಯುತ್ತದೆ. ಬೇಸಿನ್ ಮುಂದೆ ಕೂತ ಹೆಣ್ಣುಮಗಳು ಕಣ್ಣಳತೆಯಲ್ಲೇ ಅದನ್ನು ಸರಿದೂಗಿಸುತ್ತಾಳೆ, ಮಷಿನ್‌ಗೆ ಅದು ಆಗದು. ಎಳೆ ಹರಿದ ಗೂಡು ತುದಿ ಹುಡುಕಲು ಮತ್ತೆ ಬ್ರಷ್‌ಗೆ ಹೋಗುತ್ತದೆ; ಹೋದಾಗಲೆಲ್ಲ ಒಂದಷ್ಟು ರೇಷ್ಮೆ ತ್ಯಾಜ್ಯಕ್ಕೆ ಬೀಳುತ್ತದೆ. 6.5 ಇರಬೇಕಾದ ರೆಂಡಿಟ್ಟಾ (ಒಂದು ಕೆಜಿ ನೂಲಿಗೆ ಬೇಕಾಗುವ ಗೂಡಿನ ಕೆಜಿ) 8ಕ್ಕೆ ಏರಿತೆಂದರೆ, 50 ಕೆಜಿ ನೂಲಿಗೆ 325 ಕೆಜಿ ಬದಲು 400 ಕೆಜಿ ಗೂಡು ಬೇಕು. ಸಿಬಿ ಅಗ್ಗಕ್ಕೆ ಸಿಕ್ಕಿತೆಂಬ ಲಾಭ ಅಲ್ಲೇ ಕರಗುತ್ತದೆ, ನೂಲೂ ಏರುಪೇರು.

ಜಪಾನಿನ ನೆರವು ಸಂಸ್ಥೆ ಜೈಕಾದ ಸಹಾಯದ ಬೈವೋಲ್ಟೈನ್ ಯೋಜನೆ 1991ರಲ್ಲಿ ಶುರುವಾಗಿ, ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ಸಿಎಸ್‌ಆರ್ ಎಂಬ ಬೈವೋಲ್ಟೈನ್ ತಳಿಗಳು ರೈತರ ಹುಳುಮನೆ ಸೇರಿದ ಮೇಲೆಯೇ ಇಲ್ಲಿ ಈ ಮಷಿನ್‌ಗೆ ದಾರಿಯಾದದ್ದು.

ಇನ್ನೊಂದು, ದುಡ್ಡಿನ ಓಡಾಟ. ಈಗ ಹರಾಜಿನಲ್ಲಿ ಗೂಡು ಹಿಡಿದು, ಸ್ಟೀಮ್ ಕೊಟ್ಟು, ನೂಲು ಮಾರಿ ಬಂದದ್ದರಲ್ಲೇ ಮತ್ತೆ ಗೂಡು ಹಿಡಿಯುತ್ತೀರಿ. ಎಆರ್‌ಎಂಗೆ ಬಿಸಿಗಾಳಿಯಲ್ಲಿ ಒಣಗಿಸಿದ, ಒಂದೇ ದರ್ಜೆಯ ಗೂಡಿನ ದಾಸ್ತಾನು ಬೇಕು. ಹತ್ತು ರೈತರ ಸಣ್ಣ ಲಾಟ್‌ಗಳನ್ನು ಬೆರೆಸಿದರೆ ಬೇಯುವುದೂ ಒಂದೇ ಸಮ ಆಗದು. ಕೆಜಿಗೆ ₹600 ಎಂದಿಟ್ಟುಕೊಂಡು, ದಿನದ 50 ಕೆಜಿ ನೂಲಿಗೆ 325 ಕೆಜಿಯಂತೆ 15 ದಿನದ ಗೂಡಿಗೆ 29 ಲಕ್ಷ ದಾಟುತ್ತದೆ. ಸಬ್ಸಿಡಿ ಲೆಕ್ಕ ಹಾಕುವವರು ಇದನ್ನು ಮರೆಯುತ್ತಾರೆ.

ಮಷಿನ್ ಕಂಪನಿಯವರನ್ನು ಕರೆಸುವ ಮೊದಲು ನಿಮ್ಮ ಬೇಸಿನ್‌ನಲ್ಲೇ ಪರೀಕ್ಷೆ ಮಾಡಿ. ನಿಮಗೆ ಖಾಯಂ ಸಿಗುವ ಲಾಟ್‌ನಿಂದ 100 ಗೂಡು ಬೇಯಿಸಿ, ಪೂರ್ತಿ ಬಿಚ್ಚುವವರೆಗೆ ಒಟ್ಟು ಎಷ್ಟು ಸಲ ಎಳೆ ಕೊಡಬೇಕಾಯಿತು ಎಂದು ಎಣಿಸಿ. 125 ಸಲವಾದರೆ ಬಿಚ್ಚಿಕೆ (ಗೂಡಿನ ಸಂಖ್ಯೆಯನ್ನು ಎಳೆ ಕೊಟ್ಟ ಸಲದಿಂದ ಭಾಗಿಸಿದ್ದು) ಶೇ. 80. ಮಳೆಗಾಲದ ಗೂಡಿನಲ್ಲೂ ಅದಕ್ಕಿಂತ ಕೆಳಗಿಳಿಯದಿದ್ದರೆ ಮಾತ್ರ ಮುಂದುವರಿಯಿರಿ. ಇಳಿದರೆ ಮಲ್ಟಿ-ಎಂಡ್ ಬಿಡಬೇಡಿ. ಆ ದುಡ್ಡಲ್ಲಿ ಒಳ್ಳೆಯ ಡ್ರೈಯರ್ ಹಾಕಿಸಿ.