ಕಾಯೋಟಿ ತುಪ್ಪಳದ ಬೆಲೆ ಕೆನಡಾದಲ್ಲಿ ಏಕೆ ಕುಸಿಯಿತು?

ಮುಖ್ಯ ಕಾರಣ, ಅದನ್ನು ಕೊಳ್ಳುವವರು ಕಡಿಮೆಯಾದದ್ದು. ತೋಳದ ಹತ್ತಿರದ ಸಂಬಂಧಿಯಾದ ಕಾಯೋಟಿಯ ತುಪ್ಪಳ ಚಳಿಗಾಲದ ಜಾಕೆಟ್ಟುಗಳ ತಲೆಮುಸುಕಿನ ಅಂಚಿಗೆ ಬಳಕೆಯಾಗುತ್ತಿದ್ದುದರಿಂದಲೇ ಅದಕ್ಕೆ ಒಳ್ಳೆಯ ಬೆಲೆ ಬಂದಿತ್ತು. ಹೀಗೆ ಬಹುಮಟ್ಟಿಗೆ ಒಂದೇ ಉಪಯೋಗವನ್ನು ನೆಚ್ಚಿದ್ದ ಮಾರುಕಟ್ಟೆಯು, ಇಂತಹ ಜಾಕೆಟ್ಟುಗಳನ್ನು ತಯಾರಿಸುವ ಕೆನಡಾ ಗೂಸ್ ಕಂಪನಿಯು ತುಪ್ಪಳದ ಬಳಕೆಯನ್ನು ನಿಲ್ಲಿಸುವುದಾಗಿ 2021ರಲ್ಲಿ ಪ್ರಕಟಿಸಿದಾಗ, ತನ್ನ ದೊಡ್ಡ ಆಸರೆಯೊಂದನ್ನು ಕಳೆದುಕೊಂಡಿತು.

ಬೋನು ಹಾಕಿ ಪ್ರಾಣಿ ಹಿಡಿಯುವವನು ಬೆಲೆಯನ್ನು ತಾನೇ ನಿಗದಿಪಡಿಸಲಾರನು. ಒಂಟಾರಿಯೊದ ನಾರ್ತ್ ಬೇಯಂತಹ ಹರಾಜುಕೇಂದ್ರದಲ್ಲಿ ತೊಗಲುಗಳನ್ನು ಗಾತ್ರ, ಬಣ್ಣ, ದಟ್ಟಣೆ ನೋಡಿ ವಿಂಗಡಿಸಿ ಕೂಗುತ್ತಾರೆ. ಸರಿಯಾದ ಚಳಿಯಲ್ಲಿ ಹಿಡಿದ ಪ್ರಾಣಿಯ ತೊಗಲಿನ ಒಳಮೈ ಕೆನೆಬಣ್ಣಕ್ಕಿದ್ದು ಕೂದಲು ಒತ್ತಾಗಿರುತ್ತದೆ. ಅವಸರಪಟ್ಟು ಋತುವಿಗೆ ಮೊದಲೇ ಹಿಡಿದದ್ದರ ಒಳಮೈ ನೀಲಿಗಪ್ಪಾಗಿರುತ್ತದೆ. ಬೇಡಿಕೆ ಕುಗ್ಗಿದಾಗ ಮೊದಲು ಮಾರಾಟವಾಗದೆ ಉಳಿಯುವುದು ಈ ಎರಡನೆಯ ಬಗೆಯದೇ.