ಮಂಚದ ಕೆಳಗಿನ ನಾಯಿ

ಪ್ರಶ್ನೆ: ಗೋಳಗುಮ್ಮಟದ ಹತ್ತಿರ ಕಾಲು ಮುರಿದು ಬಿದ್ದಿದ್ದ ನಾಯಿಯನ್ನು ಮನೆಗೆ ತಂದು ಹತ್ತು ದಿನ ಆಯಿತು. ಮಂಚದ ಕೆಳಗಿಂದ ಹೊರಗೇ ಬರುತ್ತಿಲ್ಲ. ಹತ್ತಿರ ಹೋದರೆ ಗುರ್ ಅನ್ನುತ್ತದೆ. ವಾಪಸ್ ಬಿಟ್ಟುಬಿಡಲೇ?
– ಒಬ್ಬ ಗೃಹಿಣಿ, ವಿಜಯಪುರ

ಉತ್ತರ: ಹತ್ತೇ ದಿನಕ್ಕೆ ಕೈ ಚೆಲ್ಲಬೇಡಿ ಅಕ್ಕಾ. ಬಾಗಲಕೋಟೆಯ ನಮ್ಮ ಮನೆಯ ಕರಿಯ ಒಂದೂವರೆ ತಿಂಗಳು ಹೊಲಿಗೆ ಮಷಿನ್ ಹಿಂದೆ ಅಡಗಿದ್ದ. ಕಸಬರಿಗೆ ಎತ್ತಿದರೆ ಸಾಕು, ನಿಂತಲ್ಲೇ ಉಚ್ಚೆ. ಯಾರು ಹೊಡೆದಿದ್ದರೋ ಏನೋ. ನಾನು ದಿನಾ ಸಂಜೆ ಅವನಿಗೆ ಬೆನ್ನು ಹಾಕಿ ನೆಲದ ಮೇಲೆ ಕೂತು ಮೆಂತ್ಯ ಸೊಪ್ಪು ಸೋಸುತ್ತಿದ್ದೆ. ಮಾತಿಲ್ಲ, ಮುಟ್ಟುವುದಿಲ್ಲ. ಪಕ್ಕದಲ್ಲಿ ರೊಟ್ಟಿ ಚೂರು, ಅಷ್ಟೇ. ಒಂದು ದಿನ ಬೆನ್ನಿಗೆ ತಣ್ಣನೆ ಮೂಗು ತಾಗಿತು! ಈಗ ಕಸಬರಿಗೆಯನ್ನೇ ಕಚ್ಚಿಕೊಂಡು ಓಡುತ್ತಾನೆ. ಅದು ಬೇರೆ ತಲೆನೋವು.

ನೀವೂ ಎಳೆಯಲು ಹೋಗಬೇಡಿ. ಗುರ್ ಅಂದರೆ ‘ದೂರ ಇರಿ’ ಅಂತ. ಅದಕ್ಕೆ ಬೈದರೆ ಮುಂದೆ ಗುರ್ ಅನ್ನದೇ ನೇರ ಕಚ್ಚಬಹುದು. ಕಾಲು ನೋವು ಇನ್ನೂ ಇರಬಹುದು ಅಲ್ವಾ? ಪಶುವೈದ್ಯರಿಗೆ ಮತ್ತೆ ತೋರಿಸಿ, ರೇಬೀಸ್ ಲಸಿಕೆಯನ್ನೂ ಹಾಕಿಸಿ. ಅಕಸ್ಮಾತ್ ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಿ. ಹಾಂ, ಉಳ್ಳಾಗಡ್ಡಿ ಹಾಕಿದ ಪಲ್ಯ ಕೊಡಬೇಡಿ. ನಾಯಿಗೆ ಅದು ವಿಷ.